ತುಳಜಕ್ಕನ ನುಣ್ಣನೆಯ ನಾಣ್ಯ

ನಮ್ಮ ಊರಿನಲ್ಲಿ ಒಬ್ಬರ ಸ್ವಭಾವ ತಿಳಿಯಬೇಕಾದರೆ ಅವರನ್ನು ಮಾತನಾಡಿಸಬೇಕಾಗಿಲ್ಲ. ಅವರ ನಾಣ್ಯವನ್ನು ಕೇಳಿ ಪಡೆದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಸಾಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ಹೊತ್ತಿಗೆ ಪ್ರತಿ ಮಗುವಿನ ಸೊಂಟಕ್ಕೂ ಒಂದು ಬೆಳ್ಳಿ ನಾಣ್ಯ ಕಟ್ಟುತ್ತಾರೆ. ಒಂದು ಕಡೆ ಯಾವುದೋ ಕಾಲದ ರಾಣಿಯ ಮುಖ, ಇನ್ನೊಂದು ಕಡೆ ಜೋಡಿ ಮೀನು. ಹೇಳಬೇಕಾದ ಮಾತನ್ನು ನುಂಗಿಕೊಂಡಾಗಲೆಲ್ಲ ಅದು ಒಂದಿಷ್ಟು ಸವೆಯುತ್ತದೆ. ಆ ಮಾತು ಎಂದಾದರೂ ಯಾರಿಗೆ ಸೇರಬೇಕೋ ಅವರ ಕಿವಿಗೆ ಬಿದ್ದರೆ ಸವೆದದ್ದು ಮರಳಿ ಬರುತ್ತದೆ. ಇದರಲ್ಲಿ ಬೆರಗಾಗುವಂಥದ್ದು ಏನಿದೆ ಎಂದು ಊರಿನವರು ಕೇಳುತ್ತಾರೆ. ನಡೆದರೆ ಚಪ್ಪಲಿ ಸವೆಯುವುದಿಲ್ಲವೆ?

ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಗೆ ಕೈಹಾಕುವ ಮೊದಲೇ ಹುಡುಗಿಯ ನಾಣ್ಯ ಕೇಳುತ್ತಾರೆ. ಬಸ್ ನಿಲ್ದಾಣದ ಕಂಟ್ರೋಲರನ ನಾಣ್ಯದಲ್ಲಿ ರಾಣಿಯ ಮೂಗುತಿಯ ಹರಳುಗಳು ಇವತ್ತಿಗೂ ಬೆರಳಿಗೆ ಚುಚ್ಚುತ್ತವೆ. ಅವನ ಹತ್ತಿರ ಬಸ್ಸಿನ ವೇಳೆ ಕೇಳಲು ಯಾರೂ ಹೋಗುವುದಿಲ್ಲ. ಒಬ್ಬ ಗುಮಾಸ್ತ ಬಡ್ತಿಯ ಆಸೆಗೆ ತನ್ನ ನಾಣ್ಯವನ್ನು ಇಟ್ಟಂಗಿ ಪುಡಿಯಲ್ಲಿ ಉಜ್ಜಿ ಉಜ್ಜಿ ಸವೆಸಿದ್ದನಂತೆ. ಮರುದಿನವೇ ಸಿಕ್ಕಿಬಿದ್ದ. ಉಜ್ಜಿ ಸವೆಸಿದ ಬೆಳ್ಳಿಯಲ್ಲಿ ಗೀರುಗಳಿರುತ್ತವೆ. ಮಾತು ನುಂಗಿ ಸವೆದ ಬೆಳ್ಳಿಯಲ್ಲಿ ಏನೂ ಇರುವುದಿಲ್ಲ.

ಆ ಏನೂ ಇಲ್ಲದಿರುವುದಕ್ಕೇ ನಾನು ಮರುಳಾದದ್ದು. ನಾನು ಹೊರಗಿನಿಂದ ಬಂದ ಸೊಸೆ, ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನನ್ನ ತವರಿನಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಊಟದ ಸಾಲಿನಲ್ಲಿ ಕೂತವರು ಪರಸ್ಪರರ ಜನ್ಮ ಜಾಲಾಡುತ್ತಿದ್ದರು. ಪುಸ್ತಕ ಹಿಡಿದು ಹಿತ್ತಲಿಗೆ ಹೋದರೂ ಅವರ ದನಿ ಗೋಡೆ ಹಾರಿ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮಲ್ಹಾರಿ, ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರರು, ನನಗೆ ಸೀರೆಯನ್ನಾಗಲಿ ಹೂವನ್ನಾಗಲಿ ತಂದುಕೊಡಲಿಲ್ಲ. ಮಖಮಲ್ಲು ಹಾಸಿದ ಒಂದು ಪೆಟ್ಟಿಗೆ ತೆರೆದು, ‘ಕಣ್ಣು ಮುಚ್ಚು ಶಕೂ’ ಎಂದು ನನ್ನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು.

ತೂಕವಿತ್ತು. ತಣ್ಣಗಿತ್ತು. ಹೆಬ್ಬೆರಳು ಇಟ್ಟಲ್ಲಿ ನಿಲ್ಲದೆ ಜಾರಿತು. ಬಹಳ ವರ್ಷ ನೀರಿನಲ್ಲಿ ಬಿದ್ದ ಕಲ್ಲಿನ ನುಣುಪಲ್ಲ ಅದು. ಮಗುವಿನ ಕಿವಿಯ ಹಿಂದಿನ ಚರ್ಮದಂಥದ್ದು. ಕಣ್ಣು ತೆರೆದು ನೋಡಿದರೆ ಬೆಳಕು ಬಿದ್ದ ಕಡೆ ಬರಿಯ ಬಿಳುಪು. ಓರೆ ಮಾಡಿ ಹಿಡಿದಾಗ ಮಾತ್ರ ಒಂದು ಕೆನ್ನೆಯ ಅಂಚು ಇತ್ತೋ ಇಲ್ಲವೋ ಎಂಬಂತೆ ಹಾದುಹೋಯಿತು.

‘ಟಪಾಲು ಹಂಚಾಂವಂದು ಇದು,’ ಅಂದರು ನಮ್ಮವರು. ‘ಸತ್ತು ಬಾಳ ವರ್ಷ ಆತು. ಊರಾಗ ಯಾರ ಮನಿಗೆ ಎಂಥಾ ಪತ್ರ ಬಂತು ಅನ್ನೂದು ಆಂವಗ ಗೊತ್ತಿತ್ತು. ಒಂದು ಮಾತು ಆಡಲಿಲ್ಲ.’

‘ಇದು?’

‘ಮೂರು ಮಂದಿ ಸೊಸೆಯಂದಿರಿದ್ದ ಅತ್ತಿದು.’

ಇಬ್ಬರೂ ನಕ್ಕೆವು. ಅಂದಿನಿಂದ ನಾನೂ ಆ ಪೆಟ್ಟಿಗೆಗೆ ಪಾಲುದಾರಳಾದೆ. ಸತ್ತವರ ಮನೆಗಳಿಗೆ ಹೋಗಿ, ಹದಿಮೂರನೆಯ ದಿನ ಕಳೆದ ಮೇಲೆ, ಅವರ ನಾಣ್ಯ ಕೇಳಿ ತರುತ್ತಿದ್ದೆವು. ಹೊಸ ನಾಣ್ಯದಲ್ಲಿ ನೋಡಬೇಕಾದದ್ದನ್ನೆಲ್ಲ ಟಂಕಸಾಲೆಯವರು ಬರೆದಿಟ್ಟಿರುತ್ತಾರೆ. ಸವೆದದ್ದರಲ್ಲಿ ಒಬ್ಬ ಮನುಷ್ಯನ ಇಡೀ ಬದುಕು ಇರುತ್ತದೆ, ಆದರೆ ಓದಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ನುಂಗಿದ್ದೆಲ್ಲ ತಾಳ್ಮೆಯೇ ಎಂದುಕೊಂಡಿದ್ದೆ. ಊರೂ ಹಾಗೆಯೇ ಅಂದುಕೊಂಡಿದೆ.

ನಮ್ಮ ಪೆಟ್ಟಿಗೆಯಲ್ಲಿದ್ದ ಯಾವ ನಾಣ್ಯವೂ ತುಳಜಕ್ಕನ ನಾಣ್ಯಕ್ಕೆ ಸಮನಾಗಿರಲಿಲ್ಲ. ತುಳಜಕ್ಕ ನಮ್ಮವರ ಅಕ್ಕ. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ ಓದಿಸಿದವರು, ನಮ್ಮ ಜೊತೆಯಲ್ಲೇ ಇದ್ದವರು. ಅವರ ಕಸುಬು ಗಾದಿ ಹೊಲಿಯುವುದು. ಓಣಿಯ ಕೊನೆಗಿದ್ದ ಹಲೀಮಾಬಿ ಮತ್ತು ಅವರು ಹರೆಯದಿಂದಲೂ ಎದುರುಬದುರು ಕೂತು ಒಂದೇ ಗಾದಿಯ ಎರಡು ತುದಿಗಳಿಂದ ಹೊಲಿಯುತ್ತ ಬಂದು ನಡುವೆ ಸೇರುತ್ತಿದ್ದರು. ಹಲೀಮಾಬಿಯ ಬಾಯಿ ಒಂದು ಗಳಿಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ತುಳಜಕ್ಕ ತಲೆ ತಗ್ಗಿಸಿ ಸೂಜಿ ಎಳೆಯುವರು. ಅವರ ನಾಣ್ಯದ ಎರಡೂ ಮುಖಗಳಲ್ಲಿ ರಾಣಿಯೂ ಇರಲಿಲ್ಲ, ಮೀನುಗಳೂ ಇರಲಿಲ್ಲ. ಯಾವುದು ಹಿಂದೆ ಯಾವುದು ಮುಂದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಬದುಕಿರುವವರ ನಾಣ್ಯ ಅಷ್ಟು ನುಣ್ಣಗಾಗಿದ್ದನ್ನು ಊರು ನೋಡಿರಲಿಲ್ಲ.

ಹಲೀಮಾಬಿಯ ಗಂಡ ದಾವಲಸಾಬರು ಒಂದು ಕಾಲಕ್ಕೆ ಹತ್ತಿ ಹಿಂಜುವುದರಲ್ಲಿ ಹೆಸರಾದವರು. ಅವರ ಹಿಂಜುವ ಬಿಲ್ಲಿನ ನಾದ ಕೇಳಿ ಓಣಿ ಏಳುತ್ತಿತ್ತಂತೆ. ಒಂದು ಸಂಜೆ ಹತ್ತಿಯ ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದ ಬಿಲ್ಲನ್ನು ಉಳಿಸಲು ನುಗ್ಗಿದ ದಾವಲಸಾಬರ ಎರಡೂ ಕೈ ಸುಟ್ಟು ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು. ಅಂದು ಶೆಡ್ಡಿಗೆ ಕೀಲಿ ಹಾಕಿದವಳು ಹಲೀಮಾಬಿ. ಒಳಗೆ ಚಿಮಣಿ ದೀಪ ಆರಿಸಿದ್ದೆನೋ ಇಲ್ಲವೋ ಎಂದು ಅವಳಿಗೇ ನೆನಪಿರಲಿಲ್ಲ. ಆರಿಸಿರಲಿಲ್ಲ ಎಂದು ಊರು ಹೇಳಿತು, ಅವಳೂ ಒಪ್ಪಿಕೊಂಡಳು. ಅಂದಿನಿಂದ ಗಂಡನಿಗೆ ತುತ್ತು ಇಡುವುದು, ಬೀಡಿ ಹಚ್ಚಿ ಬಾಯಿಗಿಡುವುದು, ಗುಂಡಿ ಹಾಕುವುದು ಅವಳ ಕೆಲಸ.

‘ಏ ಕೈ ಸುಟ್ಟಾಕಿ, ನೀರು ತಾ,’ ಎಂದು ದಾವಲಸಾಬರು ಗಿರಾಕಿಗಳ ಎದುರಿಗೇ ಕೂಗುವರು. ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲ.

‘ತಂದ್ನಿ. ಬಾಯಿ ತಗೀರಿ. ಇದೊಂದು ಸುಡಲಿಲ್ಲ ನೋಡ್ರಿ, ನನ್ನ ಕರ್ಮ,’ ಎನ್ನುವಳು ಹಲೀಮಾಬಿ. ಗಿರಾಕಿಗಳು ನಗುವರು. ದಾವಲಸಾಬರೂ ನಗುವರು. ತುಳಜಕ್ಕ ಸೂಜಿಗೆ ದಾರ ಪೋಣಿಸುವರು.

ಈ ವರ್ಷ ಚಳಿ ಶುರುವಾದಾಗ ದಾವಲಸಾಬರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ, ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ ದಿನ ತುಳಜಕ್ಕ ಅಡಿಗೆಮನೆಗೆ ಬಂದು ನನ್ನ ಪಕ್ಕದ ಮಣೆಯ ಮೇಲೆ ಕೂತರು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವರೂ ಒಂದು ಹಿಡಿ ತೆಗೆದುಕೊಂಡರು.

‘ಶಕೂ, ಆ ಚಿಮಣಿ ನಾ ಇಟ್ಟಿದ್ದೆ,’ ಅಂದರು.

ನನಗೆ ತಕ್ಷಣ ತಿಳಿಯಲಿಲ್ಲ.

‘ಸೂಜಿ ಬಿದ್ದಿತ್ತು. ಹುಡುಕಾಕ ಅಂತ ಇನ್ನೊಂದು ಚಿಮಣಿ ಹಚ್ಚಿ ಹತ್ತಿ ಮೂಟಿ ಹಿಂದ ಇಟ್ಟೆ. ಸೂಜಿ ಸಿಕ್ತು. ಅಷ್ಟರಾಗ ಮಲ್ಹಾರಿ ಅಳಾಕತ್ತಾನಂತ ಯಾರೋ ಕರದ್ರು. ಓಡಿ ಬಂದೆ. ಹಲೀಮಾ ತನ್ನ ಚಿಮಣಿ ಆರಿಸೇ ಕೀಲಿ ಹಾಕಿದ್ಲು. ನನ್ನದು ಆಕಿ ನೋಡಿರಲಿಲ್ಲ.’

ಸೊಪ್ಪಿನ ದಂಟುಗಳನ್ನು ಅವರು ಒಂದೊಂದಾಗಿ ಸಾಲಾಗಿ ಇಡುತ್ತಿದ್ದರು. ಮೊದಲು ಹೆದರಿಕೆಯಾಯಿತಂತೆ; ತಮ್ಮ ಸಣ್ಣವನು, ಕಸುಬು ಕೈತಪ್ಪಿದರೆ ಏನು ಗತಿ ಎಂದು. ಆಮೇಲೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎದುರಿಗೆ ಹೋಗಿ ಕೂರುವುದು, ಹಲೀಮಾಬಿ ಗಂಡನಿಗೆ ತುತ್ತು ಇಡುವುದನ್ನು ನೋಡುವುದು, ತಲೆ ತಗ್ಗಿಸುವುದು. ಮಂದಿ ಅವರ ನಾಣ್ಯ ಮುಟ್ಟಿ ನೋಡಿ ಕೈಮುಗಿಯತೊಡಗಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

‘ಈಗ ಹೇಳತೀನಿ. ದಾವಲಣ್ಣ ಕೇಳಬೇಕು. ಆಕಿನ್ನ ಒಮ್ಮೆರ ಹೆಸರು ಹಿಡಿದು ಕರೀಬೇಕು ಆಂವ,’ ಅಂದರು. ‘ನಾಳೆ ಮುಂಜಾನೆ ಹೋಗತೀನಿ. ನೀನೂ ಬಾ ಸಂಗಾಟ. ಒಬ್ಬಾಕಿಗೇ ಆಗಂಗಿಲ್ಲ.’

ಬರುತ್ತೇನೆ ಎಂದೆ. ನನಗೆ ಹೇಳಿದ್ದರಿಂದ ಅವರ ನಾಣ್ಯಕ್ಕೆ ಏನೂ ಆಗಿರಲಿಲ್ಲ. ಅದು ನನಗೆ ಸೇರಬೇಕಾದ ಮಾತಾಗಿರಲಿಲ್ಲ.

ಸಂಜೆ ಶಾಲೆಯಿಂದ ಬಂದ ನಮ್ಮವರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಕೋಟಿನ ಒಂದು ತೋಳಿನಿಂದ ಕೈ ತೆಗೆದವರು ಇನ್ನೊಂದನ್ನು ಮರೆತು ಹಾಗೇ ನಿಂತರು. ಅಕ್ಕನ ಎದೆಯಲ್ಲಿ ಇಷ್ಟು ವರ್ಷ ಏನಿತ್ತು ಎಂದು ಕೇಳಿ ಕಣ್ಣಲ್ಲಿ ನೀರು ತಂದರು. ಅದು ಸುಳ್ಳು ನೀರಾಗಿರಲಿಲ್ಲ. ಮುಖ ಒರೆಸಿಕೊಂಡ ಮೇಲೆ ಅವರು ಕೇಳಿದ್ದು, ‘ಪ್ರದರ್ಶನ ಇದ ತಿಂಗಳದಾಗ ಐತೆಲ್ಲ?’

ನಾಣ್ಯಗಳ ಪ್ರದರ್ಶನ ನಮ್ಮ ಊರಿನ ದೊಡ್ಡ ಸಂಭ್ರಮ. ಪರೀಕ್ಷಕರು ಮೂವರು ಹಿರಿಯರು. ಹೆಬ್ಬೆರಳು ಒರಟಾಗಬಾರದೆಂದು ಅವರು ಪಕ್ಷ ಮೊದಲೇ ಎಲೆಗೆ ಸುಣ್ಣ ಹಚ್ಚಿಕೊಳ್ಳುವುದನ್ನು ಬಿಡುತ್ತಾರೆ; ಮನೆಯವರು ಅವರ ಕೈಗೆ ಬೆಣ್ಣೆ ತಿಕ್ಕುತ್ತಾರೆ. ಆ ದಿನ ಅವರ ಕಣ್ಣಿಗೆ ಬಟ್ಟೆ ಕಟ್ಟಿ ನಾಣ್ಯಗಳನ್ನು ಒಂದೊಂದಾಗಿ ಬೆರಳಡಿಗೆ ಸರಿಸುತ್ತಾರೆ. ಸತ್ತವರ ನಾಣ್ಯಕ್ಕಿಂತ ಬದುಕಿರುವವರ ನಾಣ್ಯಕ್ಕೆ ಗೌರವ ಹೆಚ್ಚು, ಏಕೆಂದರೆ ಅದು ಯಾವ ಗಳಿಗೆಯಲ್ಲಾದರೂ ಮುಖ ತೋರಿಸಿಬಿಡಬಹುದು. ಈ ಸಲ ನಮ್ಮವರು ತುಳಜಕ್ಕನ ನಾಣ್ಯದ ಹೆಸರು ಕೊಟ್ಟಾಗಿತ್ತು. ಹೊರ ಊರುಗಳಿಂದಲೂ ಅದನ್ನು ಮುಟ್ಟಲು ಜನ ಬರುವವರಿದ್ದರು.

‘ಹೇಳಬ್ಯಾಡ ಅನ್ನಾಂವ ಅಲ್ಲ ನಾನು,’ ಅಂದರು ನಮ್ಮವರು. ‘ಇಷ್ಟು ವರ್ಷ ತಡದಾಳ. ಇನ್ನೊಂದೀಟ ದಿನ. ನಾ ಹೇಳಿದ್ರ ಚಂದ ಕಾಣಂಗಿಲ್ಲ. ನೀ ಹೇಳು. ನಿನ್ನ ಮಾತು ಕೇಳತಾಳ ಆಕಿ.’

ನಾನು ಬೈದುಬಿಡಬಹುದಿತ್ತು. ಬೈಯಬೇಕೆನ್ನಿಸಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ತುಳಜಕ್ಕನ ಸಂಚಿಯಲ್ಲಿ ಆ ನಾಣ್ಯವಿತ್ತು. ಅವರು ಸ್ನಾನಕ್ಕೆ ಹೋದಾಗ ಅದನ್ನು ತೆಗೆದು ಎಷ್ಟೋ ಸಲ ಹಿಡಿದುಕೊಂಡು ನಿಂತಿದ್ದೇನೆ. ನಾಳೆ ಮುಂಜಾನೆ ಅದರ ಮೇಲೆ ಮೂಗು, ಮೂಗುತಿ, ತುರುಬು, ಅಕ್ಷರ ಎಲ್ಲ ಎದ್ದು ಬಂದು ಅದು ಎಲ್ಲರ ನಾಣ್ಯದಂತಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ನಮ್ಮವರು ಕೇಳಿದ್ದಕ್ಕೆ ಒಪ್ಪಿದೆ ಎಂದು ಹೇಳಿಕೊಳ್ಳಬಹುದು. ನನಗೂ ಅದು ಹಾಗೇ ಬೇಕಾಗಿತ್ತು.

ಮುಂಜಾನೆ ತುಳಜಕ್ಕ ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು.

‘ಅಕ್ಕಾರ, ದಾವಲಸಾಬರಿಗೆ ರಾತ್ರಿಯೆಲ್ಲ ನಿದ್ದಿ ಇಲ್ಲಂತ,’ ಎಂದೆ. ‘ಇಂಥಾದ್ರಾಗ ಈ ಮಾತು ಕೇಳಿದ್ರ ಎದಿ ತಡೀತೈತೇನು? ಸ್ವಲ್ಪ ಚೇತರಿಸಿಕೊಳ್ಳಲಿ. ಪ್ರದರ್ಶನ ಮುಗದ ಮ್ಯಾಲ ನಾನೂ ನೀವೂ ಕೂಡೇ ಹೋಗೂಣು.’

ಪ್ರದರ್ಶನ ಎಂಬ ಮಾತನ್ನು ನಾನು ಎಷ್ಟು ಹಗುರಾಗಿ, ಬೇರೆ ಮಾತುಗಳ ನಡುವೆ ಅಡಗಿಸಿ ಇಟ್ಟಿದ್ದೆನೆಂದರೆ ನನಗೇ ನನ್ನ ಜಾಣತನದ ಬಗ್ಗೆ ಮೆಚ್ಚುಗೆಯಾಯಿತು. ತುಳಜಕ್ಕ ನನ್ನನ್ನೇ ನೋಡಿದರು.

‘ಮಲ್ಹಾರಿ ಹೇಳಿ ಕಳಸಿದ್ನೇನು?’

‘ಇಲ್ಲರಿ. ನನಗ ಅನ್ನಿಸಿದ್ದು ಹೇಳಿದೆ.’

‘ಹೂಂ,’ ಅಂದರು. ಒಳಗೆ ಹೋಗಿ ಸೀರೆ ಬದಲಿಸಿದರು. ತಮ್ಮನಿಗಾಗಿ ಮೊದಲ ಸಲ ಬಾಯಿ ಮುಚ್ಚಿದವರು ಎರಡನೆಯ ಸಲವೂ ಮುಚ್ಚಿದರು.

ದಾವಲಸಾಬರು ಚೇತರಿಸಿಕೊಳ್ಳಲಿಲ್ಲ. ನಾವು ನೋಡಲು ಹೋದಾಗಲೆಲ್ಲ ಹಲೀಮಾಬಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. ತುಳಜಕ್ಕ ಬಾಗಿಲ ಹತ್ತಿರ ಕೂರುವರು. ನಾನು ಅವರ ಪಕ್ಕ. ಅವರ ತುಟಿ ಅಲುಗಿದರೆ ನನ್ನ ಕೈ ತಾನಾಗಿ ಅವರ ಮೊಣಕೈ ಮೇಲೆ ಹೋಗುತ್ತಿತ್ತು. ಸಮಾಧಾನ ಮಾಡುವವರ ಹಾಗೆ.

‘ಕೈ ಸುಟ್ಟಾಕಿ,’ ಅಂದರು ದಾವಲಸಾಬರು ಒಂದು ಮಧ್ಯಾಹ್ನ. ದನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. ‘ಸಾಕು. ಗಂಜಿ ಒಲ್ಲೆ.’

‘ಇನ್ನೊಂದ ಗುಟುಕು. ನಿಮ್ಮ ಋಣ ತೀರಲಿ, ಕುಡೀರಿ,’ ಅಂದಳು ಅವಳು.

ಅವರು ಕುಡಿಯಲಿಲ್ಲ. ಅವರ ಬಾಯಿಂದ ಬಂದ ಕೊನೆಯ ಮಾತು ಅದು. ಮರುದಿನ ಬೆಳಗಾಗುವುದರೊಳಗೆ ಹೋಗಿಬಿಟ್ಟರು.

ಪ್ರದರ್ಶನಕ್ಕೆ ಇನ್ನೂ ಕೆಲವು ದಿನ ಇತ್ತು. ಮಣ್ಣಿಗೆ ಹೋಗಿಬಂದ ನಮ್ಮವರು ಕಾಲು ತೊಳೆದುಕೊಂಡು, ನನ್ನ ಮುಖ ನೋಡದೆ ಹೇಳಿದರು: ‘ಕೇಳಬೇಕಾದಾಂವ ಹೋದ. ಇನ್ನ ಅವಸರ ಏನೈತಿ? ಮುಗಿಸಿಕೊಂಡ ಹೋಗ್ರಿ.’ ಈ ಸಲ ನಾನು ತುಳಜಕ್ಕನಿಗೆ ಏನನ್ನೂ ಹೇಳಬೇಕಾಗಲಿಲ್ಲ. ಅವರು ಗೋಡೆಗೊರಗಿ ಕೂತಿದ್ದರು. ನಮ್ಮ ಮಾತು ಕೇಳಿಸುವಷ್ಟು ಹತ್ತಿರ.

ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೊದಲನೆಯ ಹಿರಿಯರು ತುಳಜಕ್ಕನ ನಾಣ್ಯವನ್ನು ಸವರಿ ಕೈ ಹಿಂದೆಗೆದರು. ಎರಡನೆಯವರು ಬಹಳ ಹೊತ್ತು ಬಿಡಲಿಲ್ಲ. ಮೂರನೆಯವರು ‘ತಾಯಿ’ ಎಂದಷ್ಟೇ ಅಂದರು. ವೇದಿಕೆಯ ಮೇಲೆ ತುಳಜಕ್ಕನಿಗೆ ಶಾಲು ಹೊದಿಸಿದರು. ಊರಿನ ಅಧ್ಯಕ್ಷರು ತಾಳ್ಮೆಯ ಬಗ್ಗೆ ಮಾತಾಡಿದರು, ಈಗಿನ ಹೆಣ್ಣುಮಕ್ಕಳು ಇವರನ್ನು ನೋಡಿ ಕಲಿಯಬೇಕೆಂದರು. ನಮ್ಮವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಬೆಂಕಿಯಂತೆ ಉರಿಯತೊಡಗಿದಾಗಲೇ ನಿಲ್ಲಿಸಿದ್ದು. ತುಳಜಕ್ಕ ಶಾಲಿನೊಳಗೆ ಕೂತಿದ್ದ ರೀತಿ, ಯಾರೋ ಅವರನ್ನು ಗಂಟು ಕಟ್ಟಿ ಅಲ್ಲಿ ಇಟ್ಟುಹೋದಂತಿತ್ತು.

ಮರುದಿನ ಅವರು ನನ್ನನ್ನು ಕರೆಯದೆ ಹೊರಟರು. ನಾನೇ ಹಿಂದೆ ಹೋದೆ.

ಹಲೀಮಾಬಿ ಮನೆಯೊಳಗೇ ಇದ್ದಳು. ಗಂಡ ಸತ್ತ ಮೇಲೆ ಅವರಲ್ಲಿ ಇಷ್ಟು ದಿನ ಎಂದು ಹೊಸ್ತಿಲು ದಾಟುವುದಿಲ್ಲ. ದಾವಲಸಾಬರು ಮಲಗುತ್ತಿದ್ದ ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬೆರಳಿನಿಂದ ಬಿಡಿಸುತ್ತ ಕೂತಿದ್ದಳು. ಮೈಮೇಲೆಲ್ಲ ಹತ್ತಿಯ ಎಳೆ.

‘ಬಾ ತುಳಜಾ. ನಿನ್ನ ಹೊಲಿಗಿ ಬಿಚ್ಚೂದಂದ್ರ ಸಾಯೂದ ನೋಡು. ಎಷ್ಟು ಬಿಗಿ ಹಾಕೀದಿ. ಇವರು ಏನು ಓಡಿ ಹೋಗ್ತಾರಂತ ಮಾಡಿದ್ದೇನು?’ ಅಂದಳು.

ತುಳಜಕ್ಕ ಕೂರಲಿಲ್ಲ. ನಿಂತೇ ಹೇಳಿದರು. ಸೂಜಿ, ಹತ್ತಿ ಮೂಟೆ, ಎರಡನೆಯ ಚಿಮಣಿ. ನನಗೆ ಹೇಳಿದ್ದ ಮಾತುಗಳೇ, ಒಂದೂ ಹೆಚ್ಚಿಲ್ಲ. ಸಂಚಿಯಿಂದ ನಾಣ್ಯ ತೆಗೆದು ಹಲೀಮಾಬಿಯ ಮುಂದೆ ಚಾಪೆಯ ಮೇಲೆ ಇಟ್ಟರು. ನಾವು ಮೂವರೂ ನೋಡುತ್ತಿದ್ದಂತೆ ಬಿಳುಪಿನ ತಳದಿಂದ ರಾಣಿ ಮೇಲೆ ಬಂದಳು. ಮೊದಲು ತುರುಬು, ಆಮೇಲೆ ಹಣೆ, ಮೂಗು, ಕೊನೆಗೆ ಸುತ್ತಲಿನ ಅಕ್ಷರ. ನಾನು ನೆನೆಸಿಕೊಂಡಿದ್ದಷ್ಟು ಕುರೂಪಿಯಾಗಿರಲಿಲ್ಲ ಅವಳು. ಯಾವುದೋ ಮನೆಯ ಹೆಣ್ಣುಮಗಳಂತಿದ್ದಳು.

ಹಲೀಮಾಬಿಯ ಬೆರಳುಗಳು ಹತ್ತಿಯಲ್ಲಿ ಹಾಗೇ ನಿಂತಿದ್ದವು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಓಣಿ ಕೂಡಿಸುತ್ತಾಳೆ ಎಂದು ಕಾದೆ. ಹಾಗೇನಾದರೂ ಮಾಡಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು.

‘ಅವರು ಇದ್ದಾಗ ಒಂದು ಮಾತು ಹೇಳಬಾರದಿತ್ತಾ?’ ಅಂದಳು. ದನಿಯಲ್ಲಿ ಏರಿಳಿತವಿರಲಿಲ್ಲ.

‘ಹೇಳಬೇಕಂತ ಮಾಡಿದ್ದೆ.’

‘ಮಾಡಿ?’

ಹಲೀಮಾಬಿ ನಾಣ್ಯವನ್ನು ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು.

‘ಎಲ್ಲಾ ಬಂದೈತಿ. ಒಂದು ಮೀನು ಬಂದಿಲ್ಲ,’ ಅಂದಳು. ‘ಇನ್ನ ಏನೈತಿ ತುಳಜಾ ನಿನ್ನ ಹೊಟ್ಟ್ಯಾಗ?’

ತುಳಜಕ್ಕ ನೆಲ ನೋಡಿದರು, ಬಿಚ್ಚಿದ ಗಾದಿ ನೋಡಿದರು, ಗೂಟಕ್ಕೆ ತೂಗಿದ್ದ ದಾವಲಸಾಬರ ಅಂಗಿ ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. ತಪ್ಪಿಯೂ ಕಣ್ಣು ನನ್ನ ಕಡೆ ಹೊರಳದಂತೆ ಅವರು ಎಷ್ಟು ಎಚ್ಚರಿಕೆ ವಹಿಸಿದ್ದರೆಂದರೆ, ನನಗೆ ಕೂತಲ್ಲಿ ಕೂರಲಾಗಲಿಲ್ಲ.

‘ಅಕ್ಕಾರು ಅವತ್ತ ಸೀರಿ ಉಟ್ಟು ತಯಾರಾಗಿದ್ರು, ಹಲೀಮಕ್ಕ,’ ಎಂದೆ. ‘ದಾವಲಸಾಬರಿಗೆ ಮಾತು ತಿಳೀತಿತ್ತು ಆವಾಗ. ತಡೀರಿ ಅಂದಾಕಿ ನಾನು. ಪ್ರದರ್ಶನ ಮುಗೀಲಿ ಅಂತ. ನಾಣ್ಯ ನುಣ್ಣಗ ಇರಲಿ ಅಂತ.’

ಹಲೀಮಾಬಿ ನನ್ನ ಕಡೆ ತಿರುಗಿದಳು. ಅವಳ ಹುಬ್ಬಿನ ಮೇಲೆ ಹತ್ತಿಯ ಒಂದು ಎಳೆ ಅಂಟಿಕೊಂಡಿತ್ತು.

‘ಬಹುಮಾನ ಬಂತಾ?’

‘ಬಂತು.’

‘ಏನ ಕೊಟ್ರು?’

‘ಶಾಲು.’

‘ಶಾಲು,’ ಅಂದಳು ಅವಳು. ಕೈಯಲ್ಲಿದ್ದ ಹತ್ತಿಯನ್ನು ಮಡಿಲಿಗೆ ಹಾಕಿಕೊಂಡಳು. ‘ಉಣ್ಣೀದು ಏನು?’

ಹೌದೆಂದು ತಲೆಯಾಡಿಸಿದೆ.

‘ಚಲೋ ಆತು. ಥಂಡಿ ಬಾಳ ಐತಿ.’ ನಾಣ್ಯವನ್ನು ತುಳಜಕ್ಕನಿಗೆ ಕೊಡಲಿಲ್ಲ. ನನ್ನ ಕಡೆ ಚಾಚಿದಳು. ‘ತಗೋ. ನಿನ್ನ ಗಂಡಗ ಕೊಡು. ಪೂರಾ ಹಾಳಾಗಿಲ್ಲ, ಒಂದು ಕಡೆ ಈಟ ನುಣುಪು ಉಳದೈತಿ ಅಂತ ಹೇಳು. ಖುಷಿ ಪಡತಾನ.’

ಗಾದಿಯ ಕಡೆ ತಿರುಗಿ ಉಳಿದ ಹೊಲಿಗೆ ಬಿಚ್ಚತೊಡಗಿದಳು. ತುಳಜಕ್ಕ ಎದುರಿಗೆ ಕೂತು ಇನ್ನೊಂದು ತುದಿಯ ದಾರಕ್ಕೆ ಕೈಹಾಕಿದರು. ಹಲೀಮಾಬಿ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವರಿಬ್ಬರ ನಡುವೆ ನನಗೆ ಕೆಲಸವಿರಲಿಲ್ಲ.

ನಾನೊಬ್ಬಳೇ ಹೊರಗೆ ಬಂದೆ. ಓಣಿಯಲ್ಲಿ ಎದುರಾದವರು ತುಳಜಕ್ಕನ ಸನ್ಮಾನಕ್ಕೆ ಸಂತೋಷ ಹೇಳಿದರು. ಒಬ್ಬರು ನಿಂತು, ಒಂದು ಸಲ ಮುಟ್ಟಿ ನೋಡುತ್ತೇನೆ, ಮನೆಗೆ ಬರಲೇ ಎಂದು ಕೇಳಿದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ನಾಣ್ಯ ನನ್ನ ಮುಷ್ಟಿಯಲ್ಲಿತ್ತು; ನಾನು ಬಾಯಿಬಿಟ್ಟ ಮೇಲೂ ಆ ಮೀನು ಬಂದಿರಲಿಲ್ಲ, ಅದರ ಮಾತು ಸೇರಬೇಕಾದ ಕಿವಿ ಮಣ್ಣಿಗೆ ಹೋಗಿತ್ತು. ಮನೆಯ ಬಾಗಿಲು ತಲುಪಿದಾಗಲೇ ತಿಳಿದದ್ದು: ದಾರಿಯುದ್ದಕ್ಕೂ ನನ್ನ ಹೆಬ್ಬೆರಳು ರಾಣಿಯ ಮೂಗನ್ನು, ಅಕ್ಷರಗಳನ್ನು, ಬಂದ ಮೀನನ್ನು ದಾಟಿ ದಾಟಿ, ಬಾರದ ಮೀನಿನ ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲೇ ಆಡುತ್ತಿತ್ತು. ಅಲ್ಲಿ ಇನ್ನೂ ನುಣ್ಣಗಿತ್ತು.